ಹುಲ್ಲುಹಾಸಿನಲ್ಲಿ ಸಾಲಾಗಿ ಎದ್ದ ಜೇಕು

ಕಳೆಯ ದಂಟನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಹೊಸೆದು ನೋಡಿದೆ. ಸಲೀಸಾಗಿ ಹೊರಳಲಿಲ್ಲ, ಮೂಲೆ ತಾಗಿ ತಾಗಿ ನಿಂತಿತು. ಹುಲ್ಲಿನ ದಂಟು ದುಂಡಗಿರುತ್ತದೆ, ಇದು ಮೂರು ಮೂಲೆಯದ್ದು. ಎಲೆಗಳೂ ಬುಡದಿಂದ ಮೂರು ದಿಕ್ಕಿಗೆ ಹೊರಟಿದ್ದವು. ಅಷ್ಟು ಸಾಕಿತ್ತು. ಆದರೆ ನನಗೆ ಒಂದೇ ಸಾಕ್ಷಿಯಲ್ಲಿ ಸಮಾಧಾನ ಆಗುವುದಿಲ್ಲ. ಸಣ್ಣ ಸಲಿಕೆಯಿಂದ ಬುಡ ಬಿಡಿಸಿ ಮರಳು ಕೊಡವಿದೆ. ಒಂದು ಕಪ್ಪು ಗಡ್ಡೆ, ಅದರಿಂದ ಹೊರಟ ದಾರದಂಥ ಬೇರು, ಬೇರಿನ ತುದಿಯಲ್ಲಿ ಇನ್ನೊಂದು ಗಡ್ಡೆ. ಉಗುರಿನಲ್ಲಿ ಸೀಳಿ ಮೂಸಿದೆ. ಜೇಕು, ಸಂಶಯವೇ ಇಲ್ಲ ಎಂದೆ. ನನ್ನ ಬಾಯಲ್ಲಿ ಈ ಮಾತು ಬರುವುದು ಅಪರೂಪ.

ತುಂಬಾ ಎಂಬ ಊರಿನ ಕಡಲ ದಂಡೆಯಿಂದ ಸ್ವಲ್ಪ ಒಳಗಿರುವ ಮನೆ ಅದು. ಗಂಡ ಹೆಂಡತಿ ಇಬ್ಬರೂ ತಿರುವನಂತಪುರದ ಐ.ಟಿ. ಪಾರ್ಕಿನಲ್ಲಿ ಕೆಲಸ ಮಾಡುವವರು. ಗಂಡ ಪುತ್ತೂರು ಕಡೆಯವನು, ಹೆಂಡತಿ ಮೈಸೂರಿನವಳು. ಮೂರು ವರ್ಷದ ಮಗಳು ಮನೆಯಲ್ಲಿ ಕನ್ನಡ ಕೇಳಿ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ಅವಳು ಬರಿಗಾಲಲ್ಲಿ ಓಡಾಡಲಿ ಎಂದೇ ಅಂಗಳಕ್ಕೆ ಹುಲ್ಲು ಹಾಕಿಸಿದ್ದರು. ಹಾಕಿದವಳು ನಾನೇ. ಕೊಚ್ಚಿಯಲ್ಲಿ ನನ್ನದು ಹುಲ್ಲುಹಾಸು ಬೆಳೆಸಿ, ಹಾಸಿ, ನೋಡಿಕೊಳ್ಳುವ ಕೆಲಸ. ಊರು ಕಾಸರಗೋಡು, ಓದಿದ್ದು ತೋಟಗಾರಿಕೆ.

ಹಾಗಾಗಿ ಆ ದಿನ ಅಂಗಳದಲ್ಲಿ ನಿಂತವರೆಲ್ಲ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಯಜಮಾನನಿಗೆ ತೋಟಗಾರನ ಮೇಲೆ ಅನುಮಾನ. ಅವನು ತನ್ನ ಭಾವನ ಲಾರಿಯಲ್ಲಿ ತರಿಸಿದ ಕೆಂಪು ಮಣ್ಣಿನಲ್ಲೇ ಇದು ಬಂದಿರಬೇಕು ಅಂತ. ತೋಟಗಾರನಿಗೆ, ಮಲಯಾಳದಲ್ಲಿ ಅಣ್ಣ ಎಂಬರ್ಥದಲ್ಲಿ ನಾವೆಲ್ಲ ಚೇಟ ಎಂದು ಕರೆಯುವವನಿಗೆ, ನನ್ನ ಮೇಲೆ ಅನುಮಾನ. ಕೊಚ್ಚಿಯ ಹುಲ್ಲಿನ ಜೊತೆ ಮುತ್ತಂಗವೂ ಬಂದಿದೆ, ಈಗ ಅದನ್ನು ತೆಗೆಯಲು ಅದೇ ಹೆಂಗಸು ಬಂದಿದ್ದಾಳೆ, ವ್ಯಾಪಾರ ಚೆನ್ನಾಗಿದೆ ಎಂದು ನನಗೆ ಕೇಳುವ ಹಾಗೆಯೇ ಮಲಯಾಳದಲ್ಲಿ ಗೊಣಗಿದ. ಮುತ್ತಂಗ ಎಂದರೆ ಇದೇ ಜೇಕು. ನನಗಂತೂ ಇಬ್ಬರ ಮೇಲೂ ಅನುಮಾನ. ಅಡುಗೆಮನೆಯ ಹಿಂಬಾಗಿಲಲ್ಲಿ ಯಜಮಾನನ ತಾಯಿ ನಿಂತಿದ್ದರು. ತಕ್ಕಡಿ ಹಿಡಿದು ಬಂದ ಮೀನಿನವಳನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದರು.

ನಾನು ಕನ್ನಡದಲ್ಲಿ ಮಾತಾಡಿಸಿದೆ. ಯಾವ ಊರು, ಯಾರ ಮನೆ, ತಾಯಿಯ ಮನೆ ಎಲ್ಲಿ, ಎಲ್ಲ ವಿಚಾರಿಸಿದರು. ಉತ್ತರ ಕೇಳಿ ತಲೆಯಾಡಿಸಿದರೇ ಹೊರತು ನಗಲಿಲ್ಲ. ನನ್ನ ಕೈಯಲ್ಲಿದ್ದ ಗಡ್ಡೆಯನ್ನು ತೋರಿಸಿ ಇದನ್ನೆಲ್ಲ ಎಂತ ಮಾಡ್ತಿ ಅಂತ ಕೇಳಿದರು. ಸಾಯಿಸ್ತೇನೆ ಅಂದೆ. ಅವರು ಒಳಗೆ ಹೋದರು.

ಚೇಟ ವಾರವಾರವೂ ಈ ಕಳೆಯನ್ನು ಕೈಯಿಂದ ಕೀಳುತ್ತಿದ್ದ. ಅದರ ಬಗ್ಗೆ ಅವನಿಗೆ ಹೆಮ್ಮೆಯೂ ಇತ್ತು. ಕಿತ್ತಾಗ ಮೇಲಿನ ಗಿಡ ಕೈಗೆ ಬರುತ್ತದೆ, ಬೇರು ತುಂಡಾಗಿ ಕೆಳಗಿನ ಗಡ್ಡೆಗಳು ಮಣ್ಣಿನಲ್ಲೇ ಉಳಿಯುತ್ತವೆ, ಅಲ್ಲಿಯವರೆಗೆ ಸುಮ್ಮನೆ ಮಲಗಿದ್ದವೂ ಚಿಗುರುತ್ತವೆ. ಇದನ್ನು ವಿವರಿಸಿದಾಗ ಅವನ ಮುಖ ಬಿಗಿಯಿತು. ನಾನು ಮೊದಲು ಕೀಳುವುದನ್ನು ನಿಲ್ಲಿಸಿದೆ. ಹುಲ್ಲನ್ನು ತೀರ ಬೋಳಾಗಿ ಕತ್ತರಿಸುತ್ತಿದ್ದರು. ಯಂತ್ರದ ಬ್ಲೇಡನ್ನು ಎತ್ತರಿಸಿದೆ, ಹುಲ್ಲು ದಟ್ಟವಾಗಿ ನೆರಳು ಕೊಟ್ಟರೆ ಜೇಕು ಸೊರಗುತ್ತದೆ. ಒಂದು ಮೂಲೆಯಲ್ಲಿ ಪೈಪು ಸೋರಿ ಮರಳು ಸದಾ ಒದ್ದೆಯಾಗಿತ್ತು, ಕಳೆಯೂ ಅಲ್ಲೇ ಹೆಚ್ಚು. ಅದನ್ನು ಸರಿಮಾಡಿಸಿ, ದಿನಾ ಚಿಮುಕಿಸುತ್ತಿದ್ದ ನೀರನ್ನು ವಾರಕ್ಕೆರಡು ಸಲ ಚೆನ್ನಾಗಿ ಕುಡಿಸುವ ಕ್ರಮಕ್ಕೆ ತಂದೆ.

ಇಷ್ಟೇ ಆದರೆ ಸಾಲದು ಎಂದು ನನಗೆ ಗೊತ್ತಿತ್ತು. ಹಾಲೋಸಲ್ಫ್ಯೂರಾನ್ ಎಂಬ ಕಳೆನಾಶಕ ಉಂಟು. ಎಲೆಯ ಮೇಲೆ ಬಿದ್ದದ್ದು ದಂಟಿನೊಳಗೆ ಇಳಿದು ಗಡ್ಡೆಯವರೆಗೆ ಹೋಗುತ್ತದೆ, ಹುಲ್ಲಿಗೆ ಏನೂ ಮಾಡುವುದಿಲ್ಲ. ಗಡ್ಡೆಗೆ ಹೋಗುತ್ತದೆ ಎನ್ನುವುದೇ ಅದರ ಗುಣ. ನಾನು ಇದನ್ನು ಹೇಳುತ್ತಿದ್ದ ಹಾಗೆ ಮಗುವಿನ ತಾಯಿ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಬಂದಳು.

"ನೋಡಿ, ನಮ್ಮ ಪಾಪು ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೊಳ್ತಾಳೆ. ನೀವು ಹೊಡೆಯೋದು ಅವಳ ಬಾಯಿಗೆ ಹೋಗಲ್ಲ ಅಂತ ನೀವೇ ಹೇಳ್ಬೇಕು. ಪ್ಯಾಕೆಟ್ ಮೇಲೆ ಬರ್ದಿರೋದಲ್ಲ. ನೀವು."

ಹೋಗುವುದಿಲ್ಲ, ನನ್ನ ಜವಾಬ್ದಾರಿ ಎಂದೆ. ನಾನು ಕೊಚ್ಚಿಯಲ್ಲಿ ಇರುವುದು ಏಲೂರಿನಲ್ಲಿ, ಸುತ್ತ ಕಾರ್ಖಾನೆಗಳು. ಅಲ್ಲಿ ಬೆಳಿಗ್ಗೆ ಕಿಟಕಿ ತೆಗೆದವರು ಮೊದಲು ಗಾಳಿ ಮೂಸಿ ನೋಡುತ್ತಾರೆ. ರಾಸಾಯನಿಕ ಎಂದ ಕೂಡಲೇ ತಾಯಂದಿರ ಮುಖ ಯಾಕೆ ಹಾಗಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಳೆ ಇಲ್ಲದ ಎರಡು ದಿನ ನೋಡಿ, ಗಾಳಿ ಬೀಸುವ ಮೊದಲು ಬೆಳಿಗ್ಗೆಯೇ ಹೊಡೆದೆ. ಲೇಬಲ್ ಹೇಳಿದಷ್ಟೇ ಅಳತೆ, ಎಲೆಗೆ ಅಂಟಿಕೊಳ್ಳಲು ಅಂಟು ದ್ರಾವಣ, ಹಿಂದೆ ಮುಂದೆ ಎರಡೆರಡು ದಿನ ಹುಲ್ಲು ಕತ್ತರಿಸಬಾರದು, ಆ ದಿನ ನೀರು ಬಿಡಬಾರದು. ಕಳೆ ದಟ್ಟವಾಗಿದ್ದ ಕಡೆ ಬಿದಿರಿನ ಕಡ್ಡಿ ಊರಿ, ಹುರಿ ಕಟ್ಟಿ ಚೌಕಗಳನ್ನು ಮಾಡಿ ಪ್ರತಿ ಚೌಕದ ಫೋಟೋ ತೆಗೆದುಕೊಂಡೆ. ನಾನು ಯಾವತ್ತೂ ಹಾಗೆಯೇ ಮಾಡುವುದು, ಆಮೇಲೆ ಯಾರ ಬಾಯಿಯನ್ನೂ ನಂಬಬೇಕಾಗುವುದಿಲ್ಲ. ಅಂಗಳದ ಎರಡೂ ಕೊನೆಗೆ ಬೋರ್ಡು ನೆಟ್ಟೆ. ವಿಷ ಸಿಂಪಡಿಸಿದೆ, ಕಾಲಿಡಬೇಡಿ, ಇಲ್ಲಿಂದ ಏನನ್ನೂ ಕೀಳಬೇಡಿ, ತಿನ್ನಬೇಡಿ ಎಂದು ಮಲಯಾಳದಲ್ಲಿ ಮತ್ತು ಇಂಗ್ಲಿಷಿನಲ್ಲಿ. ನನ್ನ ಎಲ್ಲ ಕೆಲಸಕ್ಕೂ ಅದೇ ಬೋರ್ಡು. ಮಗುವನ್ನು ಆ ಕಡೆ ಬಿಡದಂತೆ ದಂಪತಿಗೆ ಹೇಳಿದೆ, ಅವರು ಅಜ್ಜಿಗೆ ಹೇಳಿದರು. ಮಗುವನ್ನು ಹುಲ್ಲಿಗೆ ಬಿಡಬೇಡ ಎಂದಷ್ಟೇ ಹೇಳಿದ್ದರು ಎಂದು ಆಮೇಲೆ ಗೊತ್ತಾಯಿತು.

ಅದೇ ಪ್ಯಾಕೆಟ್ಟಿನ ಅರ್ಧವನ್ನು ಅದೇ ವಾರ ಕೊಚ್ಚಿಯ ಕಾಕ್ಕನಾಡಿನ ಒಂದು ಮನೆಯಲ್ಲಿ ಹೊಡೆದಿದ್ದೆ. ಅಲ್ಲಿ ಜೇಕು ಲೇಬಲ್ ಹೇಳಿದ ಹಾಗೆಯೇ ಹಳದಿಯಾಗಿ ಕಂದಿತು. ಮೂರು ವಾರ ಕಳೆದು ಬೆಳಗಿನ ರೈಲು ಹಿಡಿದು ತಿರುವನಂತಪುರಕ್ಕೆ ಬಂದರೆ ಇಲ್ಲಿನ ಲೆಕ್ಕವೇ ಬೇರೆ. ಚೌಕಗಳ ಒಳಗೆ ಕೆಲವು ಗಿಡ ಹಳದಿಯಾಗಿದ್ದವು ಸರಿ. ಆದರೆ ಫೋಟೋ ಹಿಡಿದು ನೋಡಿದರೆ ಬುಡ ದಪ್ಪಗಿದ್ದ ಬಲವಾದ ಗಿಡಗಳು ಅಲ್ಲಿ ಇರಲೇ ಇಲ್ಲ. ಒಣಗಿದ್ದೂ ಅಲ್ಲ, ಕೊಳೆತದ್ದೂ ಅಲ್ಲ. ಆ ಜಾಗದಲ್ಲಿ ಮರಳನ್ನು ತುಂಬಿ ಅಂಗೈಯಿಂದ ಮೆಲ್ಲನೆ ತಟ್ಟಿದ ಗುರುತು ಇತ್ತು.

ಇನ್ನೊಂದು ವಿಚಿತ್ರ ಹಿತ್ತಿಲಿನಲ್ಲಿ ಕಂಡಿತು. ಮೊದಲು ಜೇಕೇ ಇಲ್ಲದಿದ್ದ ನಲ್ಲಿಯ ಬದಿಯಲ್ಲಿ ಎಳೆಯ ಜೇಕಿನ ಚಿಗುರುಗಳು ಎದ್ದಿದ್ದವು. ಅದೂ ಸಾಲಾಗಿ, ಗೇಣು ಗೇಣು ಅಂತರದಲ್ಲಿ. ಕಳೆ ತಾನಾಗಿ ಬಂದರೆ ಸಾಲು ಹಿಡಿದು ಬರುವುದಿಲ್ಲ. ಯಾರೋ ನನ್ನ ಚೌಕದಿಂದ ಗಡ್ಡೆ ಅಗೆದಿದ್ದಾರೆ, ಇಲ್ಲಿ ನೆಟ್ಟಿದ್ದಾರೆ. ನನಗೆ ಮೈಯೆಲ್ಲ ಉರಿಯಿತು.

ಯಜಮಾನ ನೋಡಿದ ಕೂಡಲೇ ತೀರ್ಮಾನಕ್ಕೆ ಬಂದ. ಚೇಟನೇ ಮಾಡಿದ್ದು, ನೀವು ಅವನ ಕೆಲಸದಲ್ಲಿ ತಪ್ಪು ತೋರಿಸಿದ್ದಕ್ಕೆ ಸೇಡು, ಈ ತಿಂಗಳು ಮುಗಿದ ಮೇಲೆ ಅವನು ಬರುವುದು ಬೇಡ ಎಂದು ಹೇಳಿ ಆಫೀಸಿಗೆ ಹೋದ. ಚೇಟನನ್ನು ಕೇಳಿದರೆ ಅವನು ಬೇಲಿ ಕತ್ತರಿಸುವ ಯಂತ್ರ ನಿಲ್ಲಿಸಿ, ಮೇಡಂ, ನೆಡುವ ಕೆಲಸ ನಿಮ್ಮದು, ನನ್ನದು ಕೀಳುವುದು ಎಂದ. ಅಷ್ಟು ಹೇಳಿ ಮತ್ತೆ ಯಂತ್ರ ಶುರುಮಾಡಿದ.

ಸೇಡಿಗೆ ಯಾರಾದರೂ ಗುಂಡಿ ಮುಚ್ಚಿ ಅಂಗೈಯಿಂದ ತಟ್ಟುತ್ತಾರೆಯೇ ಎಂಬ ಪ್ರಶ್ನೆ ನನಗೆ ಆಗಲೇ ಬರಬೇಕಿತ್ತು. ಬರಲಿಲ್ಲ. ನನಗೆ ಬಂದದ್ದು ಬೇರೆ ಯೋಚನೆ. ಜೇಕಿನ ಗಡ್ಡೆಗೆ ಆಯುರ್ವೇದದಲ್ಲಿ ಬೆಲೆ ಉಂಟು. ತಿರುವನಂತಪುರದ ಚಾಲೈ ಪೇಟೆಯಲ್ಲಿ ಸಾಲು ಸಾಲು ಮದ್ದಿನ ಅಂಗಡಿಗಳು. ಇವನು ದಪ್ಪ ಗಡ್ಡೆ ಆರಿಸಿ ಅಲ್ಲಿ ಕೊಡುತ್ತಿರಬೇಕು, ಮುಗಿಯದಿರಲಿ ಎಂದು ಹಿತ್ತಿಲಲ್ಲಿ ಬೆಳೆಸುತ್ತಿರಬೇಕು. ಹಾಗಿದ್ದರೆ ಕಳೆನಾಶಕ ಕುಡಿದ ಗಡ್ಡೆ ಯಾರ ಯಾರ ಹೊಟ್ಟೆಗೆ ಹೋಗುತ್ತದೋ. ಎರಡನೆಯ ಸಲ ಹೊಡೆಯಲು ತಂದಿದ್ದ ಪ್ಯಾಕೆಟ್ಟನ್ನು ಬಿಚ್ಚದೆ ಚೀಲಕ್ಕೆ ಹಾಕಿದೆ. ಅಗೆಯುವವರು ಯಾರು, ಗಡ್ಡೆ ಹೋಗುವುದು ಎಲ್ಲಿಗೆ ಎಂದು ತಿಳಿಯುವವರೆಗೆ ಒಂದು ಹನಿಯೂ ಹೊಡೆಯುವುದಿಲ್ಲ ಎಂದುಕೊಂಡು ಬಸ್ಸು ಹತ್ತಿದೆ.

ಚಾಲೈಯಲ್ಲಿ ಒಂದು ಹಳೆಯ ಅಂಗಡಿಗೆ ನುಗ್ಗಿ, ಮುತ್ತಂಗ ಹಸಿಯದ್ದು ಯಾರಾದರೂ ತಂದುಕೊಡುತ್ತಾರೆಯೇ ಎಂದು ಗಿರಾಕಿಯ ಹಾಗೆ ವಿಚಾರಿಸಿದೆ. ಅಂಗಡಿಯವನು ಮೂಲೆಯಲ್ಲಿದ್ದ ಮೂಟೆ ತೋರಿಸಿದ. ಒಣಗಿದ್ದು, ಮೂಟೆ ಮೂಟೆಯಾಗಿ ಹೊರಗಿನಿಂದ ಬರುತ್ತದೆ. ಮನೆ ಅಂಗಳದ ಒಂದು ಹಿಡಿ ಗಡ್ಡೆ ತೆಗೆದುಕೊಂಡು ನಾನೇನು ಮಾಡಲಿ ಎಂದು ಅವನೇ ನನ್ನನ್ನು ಅನುಮಾನದಿಂದ ನೋಡಿದ. ಅಷ್ಟರಲ್ಲಿ ಸೊಂಟದಲ್ಲಿ ಕೂಸು ಕೂರಿಸಿಕೊಂಡ ಒಬ್ಬಳು ಹೆಂಗಸು ಪಕ್ಕಕ್ಕೆ ಬಂದು ಸ್ವಲ್ಪ ಮುತ್ತಂಗ ಕೇಳಿದಳು. ಕೂಸಿಗೆ ಹೊಟ್ಟೆ ಸರಿಯಿಲ್ಲವಂತೆ, ಮಜ್ಜಿಗೆಯಲ್ಲಿ ಕುದಿಸಿ ಕೊಡಲಿಕ್ಕಂತೆ. ಅಂಗಡಿಯವನು ಒಂದು ಹಿಡಿಯನ್ನು ಕಾಗದದಲ್ಲಿ ಕಟ್ಟಿಕೊಟ್ಟ.

ನಾನು ಆ ಪೊಟ್ಟಣವನ್ನೇ ನೋಡುತ್ತಾ ನಿಂತೆ. ಒಂದು ಹಿಡಿ. ನಮ್ಮ ಅಮ್ಮನೂ ನನ್ನ ತಮ್ಮನಿಗೆ ಮಜ್ಜಿಗೆಯಲ್ಲೇ ಕೊಡುತ್ತಿದ್ದಳು. ಮದ್ದಿಗೆ ಬೇರು ತೆಗೆದರೆ ತೆಗೆದ ಭೂಮಿಗೆ ಒಂದು ಸಣ್ಣ ಗಡ್ಡೆಯನ್ನು ವಾಪಸು ಕೊಡಬೇಕು, ಹಾಗೆಯೇ ಬರಬಾರದು ಎಂದು ನನ್ನ ಕೈಯಲ್ಲೇ ಎಷ್ಟು ಸಲ ನೆಡಿಸಿದ್ದಾಳೆ. ಗುಂಡಿ ಮುಚ್ಚಿ ಅಂಗೈಯಿಂದ ತಟ್ಟುವುದೂ ಅವಳದೇ ಕ್ರಮ. ಆ ಮನೆಯಲ್ಲಿ ನಮ್ಮ ಕಡೆಯ ಹಿರಿಯರು ಒಬ್ಬರೇ ಇರುವುದು. ಮಗು ಇರುವುದೂ ಒಂದೇ.

ಅಜ್ಜಿಯ ನಂಬರು ನನ್ನಲ್ಲಿ ಇರಲಿಲ್ಲ. ದಂಪತಿ ಇಬ್ಬರೂ ಫೋನು ಎತ್ತಲಿಲ್ಲ, ಮೀಟಿಂಗು ಇರಬೇಕು. ಉಳಿದದ್ದು ಚೇಟನ ನಂಬರು. ಬೆಳಿಗ್ಗೆ ಕಳ್ಳ ಎಂದು ನಾನು ಮನಸ್ಸಿನಲ್ಲೇ ತೀರ್ಪು ಬರೆದ ಮನುಷ್ಯ. ನಾನು ಕೂಗಿದರೆ ಅವನು ಯಾಕೆ ಓಗೊಡಬೇಕು? ಆದರೂ ಒತ್ತಿದೆ. ಮಗುವಿಗೆ ಅಜ್ಜಿ ಮಜ್ಜಿಗೆ ಗಿಜ್ಜಿಗೆ ಏನೂ ಕುಡಿಸದ ಹಾಗೆ ನೋಡು, ಅದರಲ್ಲಿ ನಾವು ಹೊಡೆದದ್ದು ಇರಬಹುದು, ನಾನು ಆಟೋದಲ್ಲಿ ಬರುತ್ತಿದ್ದೇನೆ ಎಂದೆ. ಅವನು ಯಾಕೆ ಏನು ಎಂದು ಕೇಳಲಿಲ್ಲ. ಯಂತ್ರದ ಸದ್ದು ನಿಂತದ್ದು ಮಾತ್ರ ಫೋನಿನಲ್ಲಿ ಕೇಳಿಸಿತು.

ಚಾಲೈಯಿಂದ ಆ ಮನೆಗೆ ದಾರಿ ಮುಗಿಯಲೇ ಇಲ್ಲ. ಪ್ರತಿ ಸಿಗ್ನಲ್ಲಿನಲ್ಲೂ ಆಟೋ ನಿಂತಾಗ ಮಗುವಿನ ತಾಯಿಯ ಮಾತು ಕಿವಿಯಲ್ಲಿ ಬರುತ್ತಿತ್ತು. ಪ್ಯಾಕೆಟ್ ಮೇಲೆ ಬರೆದದ್ದಲ್ಲ, ನೀವು. ದಾರಿಯಲ್ಲಿ ಅವಳ ಫೋನು ಕೊನೆಗೂ ಹತ್ತಿತು. ಮುಚ್ಚಿಡದೆ ಹೇಳಿದೆ. ಆ ಕಡೆಯಿಂದ ಕುರ್ಚಿ ಸರಿದ ಸದ್ದು ಕೇಳಿಸಿತು.

ಗೇಟು ತೆಗೆದಾಗ ಕಂಡದ್ದು ಇಷ್ಟು. ಚೇಟ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಗೇಟಿನ ಹತ್ತಿರ ನಿಂತಿದ್ದಾನೆ, ಅಜ್ಜಿ ಕೈಯಲ್ಲಿ ಸೌಟು ಹಿಡಿದು ಜಗಲಿಯಿಂದ ಅವನಿಗೆ ಪುತ್ತೂರಿನ ಕನ್ನಡದಲ್ಲಿ ಬೈಯುತ್ತಿದ್ದಾರೆ. ಅವನಿಗೆ ಒಂದಕ್ಷರ ಅರ್ಥವಾಗುವುದಿಲ್ಲ, ಆದರೂ ಮಗುವನ್ನು ಕೆಳಗಿಳಿಸುವುದಿಲ್ಲ. ಮಗು ನಗುತ್ತಿತ್ತು. ನನ್ನನ್ನು ಕಂಡದ್ದೇ ಅಜ್ಜಿ ನನ್ನ ಮೇಲೆ ಹರಿಹಾಯ್ದರು. ಈ ಜನ ಮಗುವನ್ನು ಎತ್ತಿಕೊಂಡು ಹೊರಟಿದ್ದಾನೆ, ನೀನೇ ಕಳಿಸಿದ್ದಾ ಎಂದು ಕೇಳಿದರು. ಹೌದು ಎಂದೆ.

ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಅಂಗಳದ ಕೊನ್ನಾರಿ ಗಡ್ಡೆ ತೆಗೆದವರು ನೀವಾ ಎಂದು ಕೇಳಿದೆ. ನಮ್ಮ ಕಡೆ ಅದಕ್ಕೆ ಹಾಗೆ ಹೇಳುವುದು.

"ನಾನೆಂತಕ್ಕೆ ತೆಗೀಲಿ?" ಎಂದು ಮುಖ ತಿರುಗಿಸಿದರು.

ಅಜ್ಜಿ, ಅದಕ್ಕೆ ವಿಷ ಹೊಡೆದಿದ್ದೆ, ಹೊಡೆದದ್ದು ಗಡ್ಡೆಯವರೆಗೆ ಇಳಿದಿದೆ ಎಂದೆ. ಅವರ ಕೈಯಿಂದ ಸೌಟು ಬೀಳಲಿಲ್ಲ, ಮೆಲ್ಲ ಕಟ್ಟೆಯ ಮೇಲೆ ಇಟ್ಟರು. ಅಕ್ಕಿ ಡಬ್ಬದ ಹಿಂದೆ ಕೈ ಹಾಕಿ ಒಂದು ಗಾಜಿನ ಭರಣಿ ತೆಗೆದರು. ತೊಳೆದು, ಹೆರೆದು, ತೆಳ್ಳಗೆ ಕೊಯ್ದು ಒಣಗಿಸಿದ ಗಡ್ಡೆಯ ಬಿಲ್ಲೆಗಳು. ಮಣ್ಣಿಗೆ ವಾಪಸು ಕೊಡುವ ಸಣ್ಣ ಗಡ್ಡೆಗಳನ್ನು, ಅಂಗಳದಲ್ಲಿ ನಾನು ಸಾಯಿಸುತ್ತೇನೆ ಎಂದಿದ್ದರಿಂದ, ಹಿತ್ತಿಲಲ್ಲಿ ಊರಿದ್ದರಂತೆ. ಈ ಬಿಲ್ಲೆಗಳು ಸೊಸೆ ಕಂಡರೆ ಬಿಸಾಡುತ್ತಾಳೆ ಎಂದು ಅಡಗಿಸಿಟ್ಟದ್ದು. ಮೊದಲೊಮ್ಮೆ ಬಜೆಯ ತುಂಡನ್ನು ಡಾಕ್ಟರು ಬೇಡ ಹೇಳಿದ್ದಾರೆ ಎಂದು ಬಿಸಾಡಿದ್ದಳಂತೆ.

"ಮಗುವಿಗೆ ಕೊಟ್ಟಿದ್ದೀರಾ?" ಎಂದೆ.

"ಇಲ್ಲ ಮಾರಾಯ್ತಿ. ಈ ಊರಿನ ಮಣ್ಣು ನಂಗೆ ಗೊತ್ತುಂಟಾ? ಎಂತದೇ ಆದ್ರೂ ಮೊದ್ಲು ನಾನು ಕುಡಿದು ನೋಡುದು. ನಾಲ್ಕು ದಿನ ಆಯ್ತು ಕುಡಿಯುದು. ನಂಗೆ ಎಂತದೂ ಆಗ್ಲಿಲ್ಲಾಂದ್ರೆ ನಾಳೆಯಿಂದ ಮಗುವಿಗೆ ಕೊಡುವಾ ಅಂತ ಇದ್ದೆ, ಹೊಟ್ಟೆಗೆ ಒಳ್ಳೇದಲ್ವಾ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ನನ್ನ ಫೋಟೋ, ನನ್ನ ಹುರಿ, ನನ್ನ ಬೋರ್ಡು ಯಾವುದೂ ಅಲ್ಲ, ಈ ಮುದುಕಿಯ ಅಪನಂಬಿಕೆ ಒಂದೇ ಆ ಮಗುವನ್ನು ಕಾದಿತ್ತು. ಬೋರ್ಡು ನೋಡಲಿಲ್ಲವಾ ಅಜ್ಜಿ ಎಂದು ಕೇಳಿದೆ. ನೋಡಿದ್ದೆ ಎಂದರು. ಓದಲು ಬರುವುದು ಕನ್ನಡ ಒಂದೇ, ಹುಲ್ಲು ಮಾರುವ ನಿನ್ನ ಕಂಪೆನಿಯ ಜಾಹೀರಾತು ಎಂದು ಎಣಿಸಿದ್ದೆ ಎಂದರು. ಕನ್ನಡದವರ ಮನೆಗೆ ಕನ್ನಡದವಳು ನೆಟ್ಟ ಬೋರ್ಡು ಅದು. ನನಗೆ ನಾಚಿಕೆಯಾಯಿತು.

ಸೊಸೆ ಬಂದಳು, ಮಗನೂ ಬಂದ. ಯಾರು ಯಾರಿಗೆ ಏನು ಹೇಳಿದರು ಎಂದು ಬರೆಯುವುದಿಲ್ಲ. ಸೊಸೆ ಮೊದಲು ಮಗುವನ್ನು ಚೇಟನ ಹೆಗಲಿನಿಂದ ಇಳಿಸಿಕೊಂಡು ಬಾಯಿ ಮೂಸಿ ನೋಡಿದಳು. ಆಮೇಲೆ ಅತ್ತೆಗೆ ಜೋರು ಮಾಡಿದಳು. ಅತ್ತೆ ತಾನೇ ನಾಲ್ಕು ದಿನ ಕುಡಿದದ್ದು ಎಂದು ಗೊತ್ತಾದ ಮೇಲೆ ಬೈಯುವುದನ್ನು ಬಿಟ್ಟಳು. "ನೀವ್ಯಾಕಮ್ಮ ಕುಡಿದ್ರಿ" ಎಂದಷ್ಟೇ ಹೇಳಿ ಅವರ ಚಪ್ಪಲಿ ತಂದು ಮುಂದಿಟ್ಟಳು. ಪ್ಯಾಕೆಟ್ಟನ್ನೂ ಭರಣಿಯನ್ನೂ ಹಿಡಿದುಕೊಂಡು ನಾವೆಲ್ಲ ಆಸ್ಪತ್ರೆಗೆ ಹೋದೆವು. ಡಾಕ್ಟರು ಲೇಬಲ್ ಪೂರ್ತಿ ಓದಿ, ಅಜ್ಜಿಯ ರಕ್ತ ಪರೀಕ್ಷೆ ಮಾಡಿಸಿ, ಅವರನ್ನು ಒಂದು ದಿನ ಅಲ್ಲೇ ಇರಿಸಿಕೊಂಡರು. ಏನೂ ತೊಂದರೆ ಕಾಣಲಿಲ್ಲ ಎಂದು ಮರುದಿನ ಮನೆಗೆ ಕಳಿಸಿದರು.

ಯಜಮಾನ ಚೇಟನನ್ನು ಕರೆದು ಕೆಲಸ ಬಿಡುವುದು ಬೇಡ ಎಂದ. ಬಿಡುತ್ತೇನೆ ಎಂದು ನಾನು ಎಲ್ಲಿ ಹೇಳಿದ್ದೆ ಎಂದು ಅವನು ಕೇಳಿದ. ನನ್ನ ಹುಲ್ಲಿನ ಜೊತೆಯೇ ಮುತ್ತಂಗ ಬಂದದ್ದು ಎಂಬ ಅವನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ. ಇರಬಹುದು, ನನಗೂ ಈಗ ಖಾತ್ರಿ ಇಲ್ಲ.

ಎರಡನೆಯ ಸಲ ಹೊಡೆಯುವ ಮೊದಲು ಬೋರ್ಡನ್ನು ಕನ್ನಡದಲ್ಲಿ ಬರೆಸಿ ತಂದೆ. ಅಜ್ಜಿ ಕನ್ನಡಕ ಹಾಕಿಕೊಂಡು ಅದರ ಮುಂದೆ ನಿಂತು ಪ್ರತಿ ಶಬ್ದವನ್ನೂ ಗಟ್ಟಿಯಾಗಿ ಓದಿದರು, ಮತ್ತೆ ಚೌಕಗಳನ್ನೆಲ್ಲ ಸುತ್ತು ಹಾಕಿದರು. ಹಿತ್ತಿಲ ಸಾಲನ್ನು ನಾನೂ ಚೇಟನೂ ಮಣ್ಣು ಜರಡಿ ಹಿಡಿದು ಗಡ್ಡೆಸಮೇತ ತೆಗೆದೆವು. ಕಳೆ ಈ ಸಲ ಮುಕ್ಕಾಲು ಪಾಲು ಇಳಿಯಿತು. ಉಳಿದದ್ದಕ್ಕೆ ಇನ್ನೊಂದು ಬೇಸಗೆ ಬೇಕು, ಜೇಕಿನ ಜೊತೆ ಅವಸರ ನಡೆಯುವುದಿಲ್ಲ.

ಮಳೆಗಾಲಕ್ಕೆ ಮೊದಲು ಕೊಚ್ಚಿಯಿಂದ ಒಂದು ದೊಡ್ಡ ಮಣ್ಣಿನ ಕುಂಡ ತಂದೆ. ನನ್ನ ಜಾಗದ ಹಿಂದೆ ಯಾವತ್ತೂ ಏನೂ ಹೊಡೆಯದ ಮೂಲೆಯಿಂದ ಗಡ್ಡೆ ಆರಿಸಿ ಅದರಲ್ಲಿ ನೆಟ್ಟಿದ್ದೆ. ಜೇಕು ಕೊಲ್ಲುವುದು ಕಸುಬಾದವಳು ಜೇಕನ್ನು ರೈಲಿನಲ್ಲಿ ಮಡಿಲಲ್ಲಿಟ್ಟು ತಂದದ್ದು ಅದೇ ಮೊದಲು. ಕುಂಡವನ್ನು ಅಡುಗೆಮನೆಯ ಸಿಮೆಂಟು ಕಟ್ಟೆಯ ಮೇಲೆ ಇಡಿಸಿದೆ, ಬೇರು ನೆಲಕ್ಕೆ ಇಳಿಯದಂತೆ. ಅಜ್ಜಿ ಬಗ್ಗಿ ಮಣ್ಣು ಮುಟ್ಟಿ ನೋಡಿದರು.

ಮುಂದಿನ ಸಲ ನಾನು ಹೋದಾಗ ಗಡ್ಡೆ ಬಲಿತಿತ್ತು. ಸೊಸೆ ಮಕ್ಕಳ ಡಾಕ್ಟರನ್ನು ಕೇಳಿ ಬಂದಿದ್ದಳು; ಕೊಡಿ ಎಂದೂ ಹೇಳಲಿಲ್ಲ, ಬಿಸಾಡಲೂ ಇಲ್ಲ, ಬಾಗಿಲಿಗೆ ಒರಗಿ ನಿಂತಿದ್ದಳು. ಅಜ್ಜಿ ಕುಂಡದಿಂದ ಗಡ್ಡೆ ತೆಗೆದು, ಸಣ್ಣದೊಂದನ್ನು ಕುಂಡಕ್ಕೇ ವಾಪಸು ಊರಿ, ಅಂಗೈಯಿಂದ ತಟ್ಟಿದರು. ಜಜ್ಜಿ ಮಜ್ಜಿಗೆಯಲ್ಲಿ ಕುದಿಸಿ, ಸೋಸಿ, ಸ್ಟೀಲಿನ ಲೋಟಕ್ಕೆ ಹಾಕಿದರು. ಮಗು ಮೂಗು ಮುಚ್ಚಿಕೊಂಡು ವೇಂಡ ಎಂದಿತು. ಬೇಡ ಎನ್ನುವುದಕ್ಕೆ ಅವಳಿಗೆ ಗೊತ್ತಿರುವ ಶಬ್ದ ಅದೊಂದೇ. ಈ ಸಲವೂ ಅಜ್ಜಿಯೇ ಮೊದಲು ಕುಡಿಯುತ್ತಾರೆ ಎಂದು ನಾನು ಕಾದೆ.

ಅವರು ಲೋಟವನ್ನು ನನ್ನ ಕಡೆ ಚಾಚಿದರು.

"ನಿನ್ನ ಮಣ್ಣು. ಮೊದ್ಲು ನೀನು ಕುಡಿ."

ಕುಡಿದೆ. ಕಹಿ, ಹುಳಿ, ಮೇಲೊಂದು ಕರ್ಪೂರದಂಥ ವಾಸನೆ. ಅಂಗಳದಲ್ಲಿ ಯಂತ್ರದ ಸದ್ದು ನಿಂತಿತ್ತು, ಚೇಟನೂ ನನ್ನ ಮುಖವನ್ನೇ ನೋಡುತ್ತಿದ್ದ. ಅಜ್ಜಿ ಖಾಲಿ ಲೋಟವನ್ನು ಬೆಳಕಿಗೆ ಹಿಡಿದು ತಳ ನೋಡಿದರು.

ಮಗುವಿಗೆ ಆ ದಿನ ಕೊಡಲಿಲ್ಲ. ನೀನು ರಾತ್ರಿ ಕೊಚ್ಚಿ ಮುಟ್ಟಿ ಫೋನು ಮಾಡು, ನಾಳೆ ಬೆಳಿಗ್ಗೆಯೂ ಮಾಡು, ಮತ್ತೆ ನೋಡುವ ಎಂದರು.